ಅಮ್ಮ ಬಾವಿಗೆ ಹೋಗುವಾಗ

ನೀರ್ಚಾಲು, 18 ಜನವರಿ 2026, ಭಾನುವಾರ ರಾತ್ರಿ

ಬೆಳಿಗ್ಗೆ ನೀರು ಸೇದಲು ಹೊರಟ ಅಮ್ಮ ಒಳ್ಳೆ ಸೀರೆ ಉಟ್ಟಿದ್ದರು. "ಎಲ್ಲಿಗೆ ಹೊರಟದ್ದು?" ಎಂದು ಕೇಳಿದೆ. ಮಾತಾಡಲಿಲ್ಲ. ಗಲ್ಲ ಎತ್ತಿ ಮೇಲಿನ ಮನೆಯ ಮಾಡಿನ ಕಡೆ ತೋರಿಸಿದರು.

ಮೇಲಿನ ಮನೆಯ ಮಾವ ಸಿಸಿಟಿವಿ ಕ್ಯಾಮೆರಾ ಹಾಕಿಸಿ ಹದಿನೈದು ದಿನ ಆಯಿತು. ಹಾಕಿಸಿದ್ದಕ್ಕೆ ನನಗೆ ಬೇಸರ ಇಲ್ಲ. ಅಂಗಳದ ಅಡಿಕೆ ಒಂದೇ ರಾತ್ರಿಯಲ್ಲಿ ಎರಡು ಗೋಣಿ ಹೋದರೆ ಯಾರಿಗೆ ನಿದ್ದೆ ಬರುತ್ತದೆ? ವರ್ಷದ ದುಡಿಮೆ ಅದು. ಆದರೆ ಅವರ ಮನೆ ಗುಡ್ಡೆಯ ಮೇಲೆ, ನಮ್ಮದು ಕೆಳಗೆ. ಅವರ ಅಂಗಳ ಕಾಯಲು ಇಟ್ಟದ್ದಕ್ಕೆ ನಮ್ಮ ಬಾವಿಕಟ್ಟೆಯೂ ಕಾಣುತ್ತದೆ, ಬಚ್ಚಲಿನ ಬಾಗಿಲೂ ಕಾಣುತ್ತದೆ. 2.8 ಮಿಲಿಮೀಟರ್ ಲೆನ್ಸ್ ಅಂತೆ. ಆ ಸಂಖ್ಯೆ ಚಿಕ್ಕದಾದಷ್ಟೂ ಕಾಣುವ ಜಾಗ ಅಗಲ.

ಸಂಜೆ ಹತ್ತಿಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮಾವ ಕೇಳಿದರು, "ಅಕ್ಕನಿಗೆ ಕಾಲುನೋವು ಜಾಸ್ತಿ ಉಂಟಾ?"

"ನಿಮಗೆ ಯಾರು ಹೇಳಿದ್ದು?"

"ಮಗ ಫೋನ್ ಮಾಡಿದ್ದ. ಅತ್ತೆ ಕುಂಟುತ್ತಾ ಇದ್ದಾರೆ ಅಂದ."

ಮಗ ಇರುವುದು ಬೆಂಗಳೂರಿನಲ್ಲಿ! ಅವನ ಫೋನಿಗೂ ನಮ್ಮ ಬಾವಿಕಟ್ಟೆ ಹೋಗುತ್ತದೆ. ಪಾಪ, ಪ್ರೀತಿಯಿಂದಲೇ ಕೇಳಿದ್ದಾನೆ. ಚಿಕ್ಕವನಿರುವಾಗ ಅಮ್ಮನ ಕೈಯಿಂದ ಊಟ ಮಾಡಿದವನು. ಆದರೂ ನನ್ನ ಮೈ ಜುಂ ಎಂದಿತು. ಅಮ್ಮನ ಕಾಲುನೋವು ನನಗೇ ಗೊತ್ತಿರಲಿಲ್ಲ.

ಮಾವ ಫೋನ್ ತೆಗೆದು ತೋರಿಸಿದರು. ಅಂಗಳ, ಗೇಟು, ಅಡಿಕೆ. ಅಷ್ಟರಲ್ಲಿ ಮೂಲೆಯಲ್ಲಿ ಅಮ್ಮ ಬಂದರು. ಒಣಗಿದ ಬಟ್ಟೆ ತೆಗೆಯುತ್ತಾ ಒಮ್ಮೆ ಮೇಲೆ ನೋಡಿ, ಸೆರಗು ಸರಿ ಮಾಡಿಕೊಂಡರು. ಮಾವನೂ ನೋಡಿದರು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ನಿನ್ನೆ ರಾತ್ರಿ ಕೂತು ಓದಿಕೊಂಡು ಹೋಗಿದ್ದೆ. ಭದ್ರತೆಯ ಹೆಸರಿನಲ್ಲಿ ನೆರೆಮನೆ ಇಣುಕಲು ಬಿಡುವಂತಿಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದಿದ್ದಾರೆ. ಒಂದೂ ಬಾಯಿಗೆ ಬರಲಿಲ್ಲ. ಅಪ್ಪ ತೀರಿಕೊಂಡ ರಾತ್ರಿ ಟಾರ್ಚ್ ಹಿಡಿದು ಮೊದಲು ಓಡಿ ಬಂದವರು ಈ ಮಾವ. ಅವರ ಮುಂದೆ ಕೋರ್ಟಿನ ಮಾತು ಆಡುವುದು ಹೇಗೆ?

"ಪ್ರೈವಸಿ ಮಾಸ್ಕ್ ಅಂತ ಒಂದು ಉಂಟು ಮಾವ" ಎಂದೆ. ಸೆಟ್ಟಿಂಗ್‌ನಲ್ಲಿ ನಮ್ಮ ಬಾವಿಯ ಮೇಲೆ ಒಂದು ಚೌಕ ಎಳೆದರೆ ಆಯಿತು, ಅಷ್ಟು ಜಾಗ ಕಪ್ಪಾಗುತ್ತದೆ, ರೆಕಾರ್ಡೂ ಆಗುವುದಿಲ್ಲ. ಮಾವ ತಕ್ಷಣ ಒಪ್ಪಿದರು. "ಮೊದಲೇ ಹೇಳಬಾರದಾ? ನಾಳೆಯೇ ಹುಡುಗನನ್ನು ಕರೆಸ್ತೇನೆ" ಎಂದರು. ಮುಖ ಸಣ್ಣದಾಗಿತ್ತು. ಮಾವನಿಗೆ ನೋವಾಯಿತೋ ಏನೋ, ಅದು ಈಗಲೂ ಕೊರೆಯುತ್ತಿದೆ.

ಹಗುರಾಗಿ ಇಳಿದು ಬಂದು ಅಮ್ಮನಿಗೆ ಹೇಳಿದೆ. ಗಂಜಿ ಬಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಕಪ್ಪು ಮಾಡಿದ್ದು ಅವರ ಫೋನಿನಲ್ಲಿ ಅಲ್ವಾ? ಬಾವಿಕಟ್ಟೆಯಲ್ಲಿ ನಿಂತರೆ ನನಗೆ ಕಾಣುತ್ತದಾ?"

ಹೌದು. ಅಮ್ಮನಿಗೆ ಕಾಣುವುದು ಆ ಗಾಜಿನ ಕಣ್ಣು ಮಾತ್ರ. ಅದು ಇತ್ತಲೇ ನೋಡುತ್ತಿರುತ್ತದೆ. ನಾಳೆಯೂ ಅಮ್ಮ ಒಳ್ಳೆ ಸೀರೆ ಉಟ್ಟೇ ನೀರಿಗೆ ಹೋಗುತ್ತಾರೆ.

ಮತ್ತೊಮ್ಮೆ ಹತ್ತಬೇಕು. ಕ್ಯಾಮೆರಾದ ಮುಖವನ್ನೇ ಆಚೆ ತಿರುಗಿಸಿ ಎನ್ನಬೇಕು. ಆದರೆ ಹಾಗೆ ತಿರುಗಿಸಿದರೆ ಅವರ ಅಂಗಳದ ಕೆಳಗಿನ ಮೂಲೆ ಬಿಟ್ಟುಹೋಗುತ್ತದೆ. ಗೋಣಿ ಹೋದದ್ದು ಅಲ್ಲಿಂದಲೇ. ಅಮ್ಮನ ಕಾಲಿಗೆ ಎಣ್ಣೆ ಹಚ್ಚುವುದು ಬಾಕಿ ಉಂಟು, ಮೊದಲು ಅದು