ಮೆಟ್ರೋ ಮೆಟ್ಟಿಲ ಕೆಳಗೆ ಐದು ತಿಂಗಳು

2024ರ ಮಾರ್ಚ್‌ನಿಂದ ಜುಲೈವರೆಗೆ ನಾನು ವಿಜಯನಗರ ಮೆಟ್ರೋ ಸ್ಟೇಷನ್ ಕೆಳಗೆ ಪಾಂಪ್ಲೆಟ್ ಹಂಚುತ್ತಿದ್ದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು. ದಿನಕ್ಕೆ 400 ರೂಪಾಯಿ. ನಡುವಿನ ಹೊತ್ತು ಹಂಪಿನಗರದ ಲೈಬ್ರರಿಯಲ್ಲಿ ಓದು. ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋಕೆ ಅಂತ ಹರಪನಹಳ್ಳಿ ಕಡೆಯಿಂದ ಬಂದವಳು ನಾನು. ಪಿಜಿ ಬಾಡಿಗೆಗೆ ಮನೇಲಿ ಕೇಳೋ ಹಾಗಿರಲಿಲ್ಲ.

ನನಗೆ ಸಿಕ್ಕ ಮೊದಲ ಬಂಡಲ್ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯ ಕೋಚಿಂಗ್‌ದು. ಆ ವರ್ಷ 1000 ಹುದ್ದೆ ಕರೆದಿದ್ದರು. ನಾನೂ ಅರ್ಜಿ ಹಾಕಿದ್ದೆ. ಆದರೆ ಆ ಕ್ಲಾಸಿನ ಫೀಸು ಕಟ್ಟೋಕೆ ನನ್ನ ಹತ್ತಿರ ದುಡ್ಡಿರಲಿಲ್ಲ. ‘ಹೊಸ ಬ್ಯಾಚ್ ಸೋಮವಾರದಿಂದ’ ಅಂತ ಬೇರೆಯವರಿಗೆ ಹೇಳುವಾಗ ಮೊದಲ ದಿನ ಗಂಟಲು ಕಟ್ಟಿತು. ನನ್ನ ಹಾಗೇ ಊರಿಂದ ಬಂದ ಹುಡುಗಿಯರು ನಿಂತು, “ಕ್ಲಾಸ್ ಚೆನ್ನಾಗಿದೆಯಾ ಅಕ್ಕಾ?” ಅಂತ ಕೇಳುತ್ತಿದ್ದರು. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. “ನಾನು ಹೋಗಿಲ್ಲ ಕಣಮ್ಮ, ಮೊದಲು ಡೆಮೊ ಕ್ಲಾಸಿಗೆ ಕೂತು ನೋಡು” ಅನ್ನುತ್ತಿದ್ದೆ.

ಪಾಂಪ್ಲೆಟ್ ಹಂಚೋದು ಅಂದರೆ ಸುಮ್ನೆ ಕೈ ಚಾಚೋದು ಅಂದುಕೊಂಡಿದ್ದೆ. ಹಾಗಲ್ಲ. ಮುಖದ ಮುಂದೆ ಹಿಡಿದರೆ ಜನ ತಲೆ ತಿರುಗಿಸಿಬಿಡುತ್ತಾರೆ. ಹೊಟ್ಟೆಯ ಮಟ್ಟಕ್ಕೆ, ಅವರ ಬಲಗೈ ಎಲ್ಲಿ ಬರುತ್ತೋ ಅಲ್ಲಿ ಹಿಡಿಯಬೇಕು. ಅಕ್ಷರ ಅವರ ಕಡೆಗಿರಬೇಕು. ಒಂದೊಂದೇ ಬಿಡಿಸುತ್ತಾ ಕೂತರೆ ಆಗಲ್ಲ, ಹತ್ತು ಹಾಳೆಯನ್ನು ಮೊದಲೇ ಬೀಸಣಿಗೆ ಥರ ಬಿಚ್ಚಿ ಇಟ್ಟುಕೊಳ್ಳಬೇಕು. ನುಣುಪು ಕಾಗದ ಒಂದಕ್ಕೊಂದು ಅಂಟುತ್ತದೆ. ತೆಳು ಕಾಗದದ ಮಸಿ ಬೆವರಿಗೆ ಬೆರಳಿಗೆ ಹತ್ತುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಬ್ಬೆರಳು ನೀಲಿ.

ಸ್ಟೇಷನ್ ಒಳಗೆ ಸೆಕ್ಯುರಿಟಿಯವರು ಬಿಡಲ್ಲ. ಹಾಗಾಗಿ ಮೆಟ್ಟಿಲು ಮುಗಿಯೋ ಕಡೆ ಫುಟ್‌ಪಾತ್ ಮೇಲೆ ನನ್ನ ಜಾಗ. ಹಳಿ ತಲೆಯ ಮೇಲೆ. ರೈಲು ಬಂದರೆ ಮೇಲಿಂದ ಸಣ್ಣಗೆ ಗುಡುಗಿದ ಸದ್ದು. ಅದಾಗಿ ಒಂದು ನಿಮಿಷಕ್ಕೆ ಜನ ಇಳಿದು ಬರುತ್ತಾರೆ. ಹತ್ತುವವರಿಗೆ ಕೊಟ್ಟು ಪ್ರಯೋಜನ ಇಲ್ಲ, ಅವರ ಕೈ ಬ್ಯಾಗಿನಲ್ಲಿ ಕಾರ್ಡ್ ಹುಡುಕುತ್ತಿರುತ್ತೆ. ಇಳಿದು ಬರುವವರ ಕೈ ಖಾಲಿ. ಗುಂಪಿನಲ್ಲಿ ಮುಂದೆ ಬರುವವರು ತಗೊಂಡರೆ ಹಿಂದಿನ ನಾಲ್ಕು ಜನ ತಾವಾಗಿ ಕೈ ಚಾಚುತ್ತಾರೆ. ಮುಂದಿನವರು ಬೇಡ ಅಂದರೆ ಆ ರೈಲಿನ ಜನ ಅಷ್ಟೂ ಕೈ ತಪ್ಪಿದ ಹಾಗೆ. ಹಿಂದಿನ ವರ್ಷ ಅಕ್ಟೋಬರ್ 9ರಿಂದ ನೇರಳೆ ಮಾರ್ಗದ ರೈಲು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿತ್ತು. ಸಂಜೆ ಆ ಕಡೆಯಿಂದ ಒಂದು ಗಂಟೆಗೂ ಜಾಸ್ತಿ ಹೊತ್ತು ನಿಂತೇ ಬಂದವರು ಇಳಿಯುತ್ತಿದ್ದರು. ಅವರ ಸುಸ್ತು ನೋಡಿ ಎಷ್ಟೋ ಸಲ ನಾನೇ ಕೈ ಹಿಂದೆ ಎಳೆದುಕೊಂಡಿದ್ದೇನೆ.

ಬೇಡ ಅಂದರೆ ನನಗೆ ಬೇಜಾರಿಲ್ಲ. ತಲೆ ಅಲ್ಲಾಡಿಸಿದರೂ ಸಾಕು. ನೋವಾಗುತ್ತಿದ್ದದ್ದು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಹೋದಾಗ. ಇನ್ನು ಕೆಲವರು ತಗೊಂಡು ನಾಲ್ಕು ಹೆಜ್ಜೆಗೆ ಬಿಸಾಡುತ್ತಿದ್ದರು. ಮಾರನೇ ದಿನ ಅದನ್ನು ಗುಡಿಸುವವಳು ಪೌರಕಾರ್ಮಿಕ ಅಕ್ಕ. ಅವಳ ಮುಖ ನೋಡೋಕೆ ಆಗದೆ, ಎಂಟು ಗಂಟೆಗೆ ಕೆಲಸ ಮುಗಿಸಿ ನಾನೇ ಬಿದ್ದದ್ದನ್ನೆಲ್ಲ ಆರಿಸುತ್ತಿದ್ದೆ.

ಏಪ್ರಿಲ್ 26ಕ್ಕೆ ಬೆಂಗಳೂರಿನಲ್ಲಿ ಲೋಕಸಭೆ ಮತದಾನ. ಅದಕ್ಕೆ ಮುಂಚೆ ಒಂದು ವಾರ ಚುನಾವಣೆಯ ಪಾಂಪ್ಲೆಟ್ ಬಂತು. ಕೆಳಗಡೆ ಸಣ್ಣ ಅಕ್ಷರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ. ನೋಡಿ ಮೈ ಜುಮ್ ಅಂತು. ಹಿಂದಿನ ದಿನವಷ್ಟೇ ಲೈಬ್ರರಿಯಲ್ಲಿ ಓದಿದ್ದೆ: 1951ರ ಪ್ರಜಾಪ್ರತಿನಿಧಿ ಕಾಯ್ದೆ, ಸೆಕ್ಷನ್ 127ಎ. ಈ ವಿವರ ಇಲ್ಲದೆ ಚುನಾವಣೆ ಕರಪತ್ರ ಅಚ್ಚು ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಸೆಕ್ಷನ್ ನನಗೆ ಮತ್ತೆ ಮರೆಯಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ. ನಾವು ಅರ್ಧ ಗಂಟೆಗೊಮ್ಮೆ ನಿಂತ ಜಾಗದ ಫೋಟೋ ವಾಟ್ಸಾಪಿಗೆ ಹಾಕಬೇಕಿತ್ತು, ಸಮಯ, ಜಾಗ ಎರಡೂ ಕಾಣೋ ಹಾಗೆ. ಅವತ್ತು ಫೋನ್ ನೆನೆದು ಆಫ್ ಆಯಿತು. ಮಾರನೇ ದಿನ ಕೆಲಸ ಕೊಟ್ಟವರು, “ಮೋರಿಗೆ ಎಸೆದು ಮನೆಗೆ ಹೋಗಿದ್ದೀಯ” ಅಂದರು. ಒದ್ದೆಯಾಗಿ ಮುದ್ದೆಯಾದ ಬಂಡಲ್ ತಂದು ತೋರಿಸಿದೆ. ಆದರೂ ಎರಡು ದಿನದ ಕೂಲಿ ಹಿಡಿದುಕೊಂಡರು. ದುಡ್ಡು ಹೋದದ್ದಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು. ಒಂದು ಹಾಳೆಯನ್ನೂ ನಾನು ಎಸೆದವಳಲ್ಲ.

ಆ ತಾತನ ವಿಷಯ ಹೇಳಲೇಬೇಕು. ಬಿಳಿ ಪಂಚೆ, ಕೈಯಲ್ಲಿ ತರಕಾರಿ ಚೀಲ. ದಿನಾ ಸಂಜೆ ಬಂದು ಅದೇ ಕೋಚಿಂಗ್ ಪಾಂಪ್ಲೆಟ್ ತಗೊಳ್ಳುತ್ತಿದ್ದರು. ನಾಲ್ಕನೇ ದಿನ ಕೇಳಿದೆ, “ತಾತ, ನಿನ್ನೆನೂ ಇದೇ ಕೊಟ್ಟಿದ್ದೆ ಅಲ್ವಾ?”

“ಗೊತ್ತಮ್ಮ. ಹಿಂದೆ ಖಾಲಿ ಇದೆ ನೋಡು. ಮೊಮ್ಮಗಳು ಲೆಕ್ಕ ಮಾಡ್ತಾಳೆ.”

ಅವತ್ತಿನಿಂದ ನೆಲಕ್ಕೆ ಬಿದ್ದದ್ದರಲ್ಲಿ ಚೊಕ್ಕಟವಾಗಿದ್ದವನ್ನು ಒರೆಸಿ, ರಬ್ಬರ್ ಬ್ಯಾಂಡ್ ಹಾಕಿ ತಾತನಿಗೆ ಅಂತ ಎತ್ತಿಡುತ್ತಿದ್ದೆ. ಒಂದು ದಿನ ಲೆಕ್ಕ ಮಾಡಿದ ಹಾಳೆಯೊಂದನ್ನು ತಂದು ತೋರಿಸಿದರು. ಪೆನ್ಸಿಲ್‌ನಲ್ಲಿ ಬರೆದ ಭಾಗಾಕಾರ, ಕೆಳಗೆ ಒಂದು ಪುಟ್ಟ ಹೂವು.

ಜುಲೈನಲ್ಲಿ ಒಂದು ಪಿಜಿಯ ಪಾಂಪ್ಲೆಟ್ ಕೊಟ್ಟರು, ಎರಡೂ ಕಡೆ ಬಣ್ಣದ ಅಚ್ಚು. ತಾತ ತಗೊಂಡು ಹಿಂದೆ ತಿರುಗಿಸಿ ನೋಡಿದರು. “ಇದರಲ್ಲಿ ಜಾಗ ಇಲ್ಲ ತಾತ” ಅಂದೆ. “ಇರಲಿ ಬಿಡಮ್ಮ, ಕೊಡು” ಅಂತ ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು.