ಕರ್ಲ್ ಹೊಟ್ಟೆಯಲ್ಲೇ ಇರುವ ಕೈಪಿಡಿ

ದೊಡ್ಡ ಫೈಲ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಇಳಿಸಬೇಕಾಗಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಫೈಲ್ ಇಳಿಸಲು ಬಳಸುವ ಕರ್ಲ್ (curl) ಅನ್ನುವ ಪ್ರೋಗ್ರಾಮಿಗೆ ಹೈಫನ್ ಜೊತೆ ದೊಡ್ಡಕ್ಷರದ ಸಿ, ಒಂದು ಸ್ಪೇಸ್, ಆಮೇಲೆ ಇನ್ನೊಂದು ಹೈಫನ್ ಕೊಟ್ಟರೆ ಸಾಕು. ಎಲ್ಲಿ ನಿಂತಿತ್ತು ಅಂತ ಅದೇ ನೋಡಿಕೊಂಡು ಮುಂದುವರಿಸುತ್ತದೆ, ಸರ್ವರ್ ಒಪ್ಪಿದರೆ. ಚಿಕ್ಕಕ್ಷರದ ಸಿ ಆದರೆ ಕತೆಯೇ ಬೇರೆ, ಅದು ಕುಕಿಗಳನ್ನು (ವೆಬ್‌ಸೈಟುಗಳು ಕಳಿಸುವ ಪುಟ್ಟ ಗುರುತಿನ ಮಾಹಿತಿ) ಬರೆದಿಡುವ ಆಯ್ಕೆ!

ಇದನ್ನು ತಿಳಿಯಲು ಗೂಗಲ್ ಬೇಕಾಗಲಿಲ್ಲ. ಕರ್ಲ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಎರಡು ಹೈಫನ್ ಹಾಕಿ ಮ್ಯಾನ್ಯುಯಲ್ ಅಂತ ಟೈಪ್ ಮಾಡಿದರೆ ಇಡೀ ಕೈಪಿಡಿ ಟರ್ಮಿನಲ್‌ನಲ್ಲೇ ಬರುತ್ತದೆ. ನೆಟ್ ಇಲ್ಲದಿದ್ದರೂ ಸರಿ. ಆದರೆ 250ಕ್ಕೂ ಜಾಸ್ತಿ ಆಯ್ಕೆಗಳು, ಕುಳಿತು ಓದುವ ತಾಳ್ಮೆ ಯಾರಿಗಿದೆ? ಅದಕ್ಕೇ ಹಾಗೆಯೇ ಎರಡು ಹೈಫನ್ ಹಾಕಿ ಬರೀ ಹೆಲ್ಪ್ ಅಂದರೆ ಮುಖ್ಯವಾದ ಕೆಲವನ್ನಷ್ಟೇ ತೋರಿಸುತ್ತದೆ. ಹೆಲ್ಪ್ ಪಕ್ಕ ಎಫ್‌ಟಿಪಿ (ಫೈಲ್ ಸಾಗಿಸುವ ಒಂದು ಹಳೇ ವಿಧಾನ) ಅಂತ ಬರೆದರೆ ಆ ಗುಂಪಿನವು ಮಾತ್ರ. 2020ರಿಂದ ಹೀಗಿದೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಆಯ್ಕೆಯ ವಿವರಣೆ ಮುಗಿದ ಮೇಲೆ ಒಂದು ಉದಾಹರಣೆ ಇರುತ್ತದೆ. ಹಲವು ಆಯ್ಕೆಗಳಿಗೆ ಯಾವ ಆವೃತ್ತಿಯಲ್ಲಿ ಬಂತು ಅನ್ನುವುದೂ ಇರುತ್ತದೆ. ಹಳೇ ಸರ್ವರ್‌ಗಳಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ ಆಜ್ಞೆ ಅಲ್ಲಿ ಯಾಕೆ ಓಡಲಿಲ್ಲ ಅಂತ ತಲೆ ಕೆರೆದುಕೊಳ್ಳುವ ಕೆಲಸ ತಪ್ಪುತ್ತದೆ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಕರ್ಲ್ ಅನ್ನುವ ಹೆಸರಲ್ಲಿ ಇದನ್ನು ಬಿಡುಗಡೆ ಮಾಡಿದರು. ಇವತ್ತಿಗೂ ಅವರೇ ಮುಂದೆ ನಿಂತು ನಡೆಸುತ್ತಿದ್ದಾರೆ. ಕೋಡ್ ಬರೆಯುವವರು ಎಷ್ಟೋ ಜನ ಸಿಗುತ್ತಾರೆ. ಅದನ್ನು ಬಳಸುವುದು ಹೇಗೆ ಅಂತ ಕೂತು ಬರೆಯುವವರು ಕಡಿಮೆ, ಅಲ್ವಾ?