ಪಿಎಂಯು ಹೇಳುವ ಕೋನವನ್ನು ನಂಬುವ ಮೊದಲು

2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರದ ಜೊತೆ ಪೂರ್ವ, ಈಶಾನ್ಯ ಗ್ರಿಡ್‌ಗಳೂ ಹೋದವು. ಎರಡೂ ದಿನ ಸರಣಿ ಶುರುವಾದದ್ದು 400 ಕೆವಿ ಬೀನಾ–ಗ್ವಾಲಿಯರ್ ಲೈನಿನಿಂದ. ಲೈನಿನಲ್ಲಿ ಫಾಲ್ಟ್ ಇರಲಿಲ್ಲ. ಲೋಡ್ ಏರಿ ವೋಲ್ಟೇಜ್ ಇಳಿದಾಗ ಡಿಸ್ಟೆನ್ಸ್ ರಿಲೇಯ (ವೋಲ್ಟೇಜ್, ಕರೆಂಟಿನ ಅನುಪಾತ ನೋಡಿ ಫಾಲ್ಟ್ ಎಷ್ಟು ದೂರ ಎಂದು ಅಂದಾಜಿಸುವ ರಕ್ಷಣಾ ಸಾಧನ) ಮೂರನೇ ಝೋನ್, ಅಂದರೆ ಬಹಳ ದೂರದವರೆಗೆ ನೋಡುವ ಹಂತ, ಅದನ್ನೇ ಫಾಲ್ಟ್ ಎಂದು ಓದಿ ಟ್ರಿಪ್ ಮಾಡಿತು. ಮುಂದಿನದೆಲ್ಲ ಸೆಕೆಂಡುಗಳ ಲೆಕ್ಕ. ಗ್ರಿಡ್ಡನ್ನು ದೂರದಿಂದ ಗಮನಿಸುವ ಸ್ಕಾಡಾ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ಅಂಕಿ ತರುತ್ತದೆ, ಅದೂ ಒಂದೊಂದು ಸಬ್‌ಸ್ಟೇಷನ್ನಿನದು ಒಂದೊಂದು ಕ್ಷಣದ್ದು. ಎರಡು ಊರುಗಳ ವೋಲ್ಟೇಜ್ ಕೋನ (ಒಂದರ ಅಲೆ ಇನ್ನೊಂದಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬ ಅಳತೆ) ದೂರ ಸರಿಯುತ್ತಿದೆಯೇ ಎಂಬುದು ಅದರಲ್ಲಿ ನೇರವಾಗಿ ಕಾಣುವುದೇ ಇಲ್ಲ.

ಅದನ್ನು ತೋರಿಸುವುದು ಪಿಎಂಯು, ಅಂದರೆ ಫೇಸರ್ ಮೆಷರ್‌ಮೆಂಟ್ ಯೂನಿಟ್ ಎಂಬ ಅಳತೆಯ ಸಾಧನ. ಜಿಪಿಎಸ್ ಸಮಯಕ್ಕೆ ಕಟ್ಟಿದ ವೋಲ್ಟೇಜ್, ಕರೆಂಟುಗಳ ಪ್ರಮಾಣ ಮತ್ತು ಕೋನವನ್ನು ಸೆಕೆಂಡಿಗೆ 25 ಅಥವಾ 50 ಸಲ ಕಳಿಸುತ್ತದೆ. 2013ರ ಡಿಸೆಂಬರ್ 31ರಂದು 765 ಕೆವಿ ರಾಯಚೂರು–ಸೋಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸಿಂಕ್ ಆದ ಮೇಲೆ ಈ ಕೋನ ನಮಗೂ ಮುಖ್ಯವಾಯಿತು. ಅದಕ್ಕೆ ಮೊದಲು ತಾಲ್ಚೇರ್–ಕೋಲಾರದಂಥ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ನೇರ ಪ್ರವಾಹ) ಕೊಂಡಿಗಳಿದ್ದವು. ಡಿಸಿಯಲ್ಲಿ ಕರೆಂಟು ದಾಟುತ್ತದೆ, ಕೋನ ದಾಟುವುದಿಲ್ಲ.

ಒಂದು ಲೆಕ್ಕ ನೋಡಿ. 200 ಕಿ.ಮೀ. ಉದ್ದದ 400 ಕೆವಿ ಲೈನಿಗೆ ಕಿ.ಮೀ.ಗೆ 0.33 ಓಮ್ ಹಿಡಿದರೆ ರಿಯಾಕ್ಟೆನ್ಸ್ (ಎಸಿ ಹರಿವಿಗೆ ಲೈನ್ ಒಡ್ಡುವ ತಡೆ) 66 ಓಮ್. 500 ಮೆಗಾವ್ಯಾಟ್ ಹರಿಯುವಾಗ ಎರಡು ತುದಿಗಳ ನಡುವಿನ ಕೋನ ಸುಮಾರು 12 ಡಿಗ್ರಿ. ಅದರಲ್ಲಿ 2 ಡಿಗ್ರಿ ತಪ್ಪಾದರೆ 80 ಮೆಗಾವ್ಯಾಟ್‌ಗೂ ಮೀರಿದ ತಪ್ಪು. ಆ 2 ಡಿಗ್ರಿ ಎಲ್ಲಿಂದ ಬರುತ್ತದೆ?

ಬಹಳ ಜನ ಮೊದಲು ಜಿಪಿಎಸ್ ಮೇಲೆ ಅನುಮಾನಪಡುತ್ತಾರೆ. 50 ಹರ್ಟ್ಜ್‌ನಲ್ಲಿ 1 ಮೈಕ್ರೋಸೆಕೆಂಡ್ ತಪ್ಪಿದರೆ ಕೋನ ತಪ್ಪುವುದು 0.018 ಡಿಗ್ರಿ ಮಾತ್ರ. ಆಂಟೆನಾ ಕೇಬಲ್ಲಿನ ವಿಳಂಬ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್, 50 ಮೀಟರ್ ಎಳೆದರೂ ಲೆಕ್ಕಕ್ಕೆ ಬಾರದು. ದೊಡ್ಡ ಪಾಲು ಇರುವುದು ಸಿಟಿ, ಪಿಟಿಗಳಲ್ಲಿ, ಅಂದರೆ ಲೈನಿನ ಕರೆಂಟು ಮತ್ತು ವೋಲ್ಟೇಜನ್ನು ಅಳೆಯುವಷ್ಟು ಚಿಕ್ಕದು ಮಾಡಿಕೊಡುವ ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ರಕ್ಷಣೆಗೆ (ಪ್ರೊಟೆಕ್ಷನ್) ಬಳಸುವ 3ಪಿ ಕ್ಲಾಸಿನ ಪಿಟಿ ಕೋರ್‌ಗೆ ಮಾನದಂಡವೇ 120 ಮಿನಿಟ್ (60 ಮಿನಿಟ್ ಸೇರಿ ಒಂದು ಡಿಗ್ರಿ), ಅಂದರೆ ಪೂರಾ 2 ಡಿಗ್ರಿ ತಪ್ಪಲು ಬಿಡುತ್ತದೆ. ಮೀಟರಿಂಗಿನ 0.5 ಕ್ಲಾಸಿಗೆ 20 ಮಿನಿಟ್, 0.2ಕ್ಕೆ 10. ಹಾಗಾಗಿ ವೋಲ್ಟೇಜಿಗೆ ಮೀಟರಿಂಗ್ ಕೋರ್ ತೆಗೆದುಕೊಳ್ಳಿ. ಕರೆಂಟಿನ ವಿಷಯ ಬೇರೆ: ಮೀಟರಿಂಗ್ ಕೋರ್ ಫಾಲ್ಟ್ ಕರೆಂಟಿಗೆ ಬೇಗ ಸ್ಯಾಚುರೇಟ್ ಆಗುವಂತೆಯೇ (ಕರೆಂಟ್ ಏರಿದರೂ ಅದನ್ನು ಸರಿಯಾಗಿ ತೋರಿಸದಂತೆ) ಮಾಡಿರುತ್ತಾರೆ. ಅವಘಡದ ಹೊತ್ತಿನ ದಾಖಲೆ ಬೇಕಿದ್ದರೆ ಪ್ರೊಟೆಕ್ಷನ್ ಕೋರ್, ಸ್ಟೇಟ್ ಎಸ್ಟಿಮೇಷನ್‌ಗಾದರೆ (ಅಳತೆಗಳಿಂದ ಗ್ರಿಡ್‌ನ ಒಟ್ಟು ಸ್ಥಿತಿ ಲೆಕ್ಕ ಹಾಕಲು) ಮೀಟರಿಂಗ್ ಕೋರ್. ಪಿಎಂಯುವನ್ನು ಇರುವ ರಿಲೇಯ ಜೊತೆ ಸೀರಿಸ್‌ನಲ್ಲಿ ಸೇರಿಸುವಾಗ ಟೆಸ್ಟ್ ಬ್ಲಾಕಿನಲ್ಲಿ ಶಾರ್ಟಿಂಗ್ ಲಿಂಕ್ (ಸಿಟಿಯ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ) ಹಾಕದೆ ಸ್ಕ್ರೂ ಮುಟ್ಟಬೇಡಿ. ಲೋಡಿರುವ ಸಿಟಿಯ ಸೆಕೆಂಡರಿ ತೆರೆದುಕೊಂಡರೆ ಜೀವ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ವೈರಿಂಗ್ ತಪ್ಪುಗಳು ಪರದೆಯ ಮೇಲೆ ತಮ್ಮ ಗುರುತು ಬಿಟ್ಟೇ ಬಿಡುತ್ತವೆ. ಸಿಟಿಯ ಸೆಕೆಂಡರಿ ತುದಿಗಳಾದ ಎಸ್1, ಎಸ್2 ಅದಲುಬದಲಾದರೆ ಕರೆಂಟಿನ ಕೋನ 180 ಡಿಗ್ರಿ ತಿರುಗಿ ಮೆಗಾವ್ಯಾಟಿನ ಚಿಹ್ನೆ ಉಲ್ಟಾ ಆಗುತ್ತದೆ. ವೈ, ಬಿ ಫೇಸ್‌ಗಳು ಅದಲಾದರೆ ಪಾಸಿಟಿವ್ ಸೀಕ್ವೆನ್ಸ್ (ಫೇಸ್‌ಗಳು ಸರಿಯಾದ ಕ್ರಮದಲ್ಲಿ ಬರುವ ಅಂಶ) ಸೊನ್ನೆಯ ಹತ್ತಿರ, ಉಲ್ಟಾ ಕ್ರಮದ ನೆಗೆಟಿವ್ ಪೂರ್ತಿ. ಹಿಡಿಯಲು ಕಷ್ಟವಾದದ್ದು ಮೂರೂ ಫೇಸ್ ಒಂದೊಂದು ಮನೆ ಸರಿದದ್ದು. ಸೀಕ್ವೆನ್ಸ್ ಸರಿಯಾಗಿರುತ್ತದೆ. ವೋಲ್ಟೇಜ್, ಕರೆಂಟ್ ಎರಡೂ ಒಟ್ಟಿಗೆ ಸರಿದಿದ್ದರೆ ಮೆಗಾವ್ಯಾಟೂ ಸರಿಯಾಗೇ ಕಾಣುತ್ತದೆ. ಪಕ್ಕದ ಸಬ್‌ಸ್ಟೇಷನ್ನಿನೊಂದಿಗೆ ಕೋನ ಹೋಲಿಸಿದಾಗ 12ರ ಜಾಗದಲ್ಲಿ 132 ಅಥವಾ −108 ಬಂದರೆ ಅನುಮಾನವೇ ಬೇಡ. ಆದ್ದರಿಂದ ಪ್ರತಿ ಹೊಸ ಪಿಎಂಯುವಿಗೂ ಮೇಲಿನ ಲೈನ್ ಲೆಕ್ಕವನ್ನು ಕೈಯಲ್ಲೇ ಮಾಡಿ ತಾಳೆ ನೋಡಲೇಬೇಕು.

ಗಡಿಯಾರದಲ್ಲಿ ನಿಜವಾಗಿ ಕಾಡುವುದು ಇಡೀ ಸೆಕೆಂಡಿನ ತಪ್ಪು. ಫ್ರೀಕ್ವೆನ್ಸಿ ಸರಿಯಾಗಿ 50.00 ಇದ್ದಾಗ 1 ಸೆಕೆಂಡ್ ತಪ್ಪಿದರೂ ಕೋನದಲ್ಲಿ ಏನೂ ಗೊತ್ತಾಗುವುದಿಲ್ಲ. 49.95ಕ್ಕೆ ಇಳಿದ ಕೂಡಲೇ 18 ಡಿಗ್ರಿ ವ್ಯತ್ಯಾಸ ಎದ್ದು ನಿಲ್ಲುತ್ತದೆ. ಕೋನದ ತಪ್ಪು ಫ್ರೀಕ್ವೆನ್ಸಿಯ ಜೊತೆ ಏರಿಳಿಯುತ್ತಿದ್ದರೆ ಮೊದಲು ಸಮಯದ ಮುದ್ರೆ ನೋಡಿ. ಜಿಪಿಎಸ್ ಸಮಯಕ್ಕೂ ಯುಟಿಸಿಗೂ (ಜಾಗತಿಕ ಪ್ರಮಾಣಿತ ಸಮಯ) ಈಗ 18 ಸೆಕೆಂಡಿನ ಅಂತರವಿದೆ, ಅದನ್ನು ಕಳೆಯದ ಸೆಟ್ಟಿಂಗ್ ಒಂದು ಕಾರಣ. ಇನ್ನೊಂದು, ಗಡಿಯಾರವನ್ನು ಭಾರತೀಯ ಸಮಯಕ್ಕೆ ಇಟ್ಟುಬಿಡುವುದು: ಮುದ್ರೆ ಐದೂವರೆ ಗಂಟೆ ಮುಂದಿರುತ್ತದೆ, ಹಲವು ಪಿಎಂಯುಗಳ ದತ್ತಾಂಶ ಒಟ್ಟುಗೂಡಿಸುವ ಮೇಲಿನ ಪಿಡಿಸಿ ಅಂಥ ಫ್ರೇಮನ್ನು (ಒಂದು ಸಲ ಕಳಿಸುವ ದತ್ತಾಂಶದ ಕಟ್ಟು) ಎಸೆದುಬಿಡುತ್ತದೆ. ಆಗ ಚಾನೆಲ್ ಸತ್ತಿದೆ ಎಂದು ಸಂಪರ್ಕದವರನ್ನು ಓಡಾಡಿಸಿ ಪ್ರಯೋಜನವಿಲ್ಲ. ತಂತಿಯ ಮೇಲೆ ಸಮಯ ಕಳಿಸುವ ಐಆರ್‌ಐಜಿ-ಬಿ ಸಂಕೇತ ಕೊಡುವುದಾದರೆ ಮಾಡ್ಯುಲೇಟ್ ಮಾಡದ ಸಿಗ್ನಲ್ಲೇ ಬೇಕು.

ಚಾನೆಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 12 ಫೇಸರ್ (ಪ್ರಮಾಣ ಮತ್ತು ಕೋನದ ಜೋಡಿ), ಒಂದು ಡಿಜಿಟಲ್ ವರ್ಡ್, ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಒಂದು ಫ್ರೇಮ್ 124 ಬೈಟ್. ಜಾಲದಲ್ಲಿ ಕಳಿಸಲು ಬೇಕಾದ ಯುಡಿಪಿ, ಐಪಿ ಹೆಡರ್‌ಗಳ 28 ಬೈಟ್ ಸೇರಿಸಿ ಸೆಕೆಂಡಿಗೆ 50 ಸಲ ಕಳಿಸಿದರೆ ಸುಮಾರು 61 ಕೆಬಿಪಿಎಸ್. 64 ಕೆಬಿಪಿಎಸ್ ಚಾನೆಲ್ ಅಲ್ಲಿಗೇ ತುಂಬಿತು, ಇನ್ನೊಂದು ಪಿಎಂಯುವಿಗೆ ಜಾಗವಿಲ್ಲ. ಬರೀ ಫ್ರೇಮ್‌ಗಳನ್ನು ಕೂಡಿಟ್ಟರೂ ಒಂದು ಪಿಎಂಯುವಿಗೆ ದಿನಕ್ಕೆ 536 ಎಂಬಿ.

ಇನ್ನು ಏನೆಲ್ಲ ಕಾಣುತ್ತದೆ ಎಂಬ ಪ್ರಶ್ನೆ. ಪ್ರದೇಶ ಪ್ರದೇಶಗಳ ನಡುವೆ ಪವರ್ ತೂಗಾಡುವುದು ಹೆಚ್ಚಾಗಿ 1 ಹರ್ಟ್ಜ್‌ಗಿಂತ ಕೆಳಗೆ, ಅದಕ್ಕೆ 25 ಫ್ರೇಮ್ ಧಾರಾಳ. ಆದರೆ 25 ಫ್ರೇಮಿನಲ್ಲಿ 12.5 ಹರ್ಟ್ಜ್ ಮೇಲಿನದು ಕಾಣದು. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕುಗಳ ಇನ್ವರ್ಟರ್ ಕಂಟ್ರೋಲ್‌ನಿಂದ ಅದಕ್ಕೂ ವೇಗದ ತೂಗಾಟ ಹುಟ್ಟಬಹುದು. ಪಿಎಂಯುಗಳಲ್ಲಿ ಎರಡು ವರ್ಗ: ನಿಖರ ಅಳತೆಗೆ ಎಂ-ಕ್ಲಾಸ್, ಬೇಗನೆ ಸ್ಪಂದಿಸಲು ಪಿ-ಕ್ಲಾಸ್. ಎಂ-ಕ್ಲಾಸ್ ಫಿಲ್ಟರ್ ಅದನ್ನು ನುಂಗಿಬಿಡುತ್ತದೆ, ಪಿ-ಕ್ಲಾಸ್ ಬೇರೆಯೇ ನಿಧಾನ ತೂಗಾಟದ ವೇಷದಲ್ಲಿ ತೋರಿಸಬಹುದು. ಅಂಥ ಕಡೆ 50 ಫ್ರೇಮ್ ಇಟ್ಟರೂ ಸಾಲದು. ಅಲೆಯ ಆಕಾರವನ್ನೇ ಸೆಕೆಂಡಿಗೆ ಸಾವಿರಾರು ಸಲ ಅಳೆದಿಡುವ ಡಿಸ್ಟರ್ಬೆನ್ಸ್ ರೆಕಾರ್ಡರ್ ಪಕ್ಕದಲ್ಲಿರಬೇಕು, ಅದೂ ಅದೇ ಗಡಿಯಾರದಿಂದ ಸಮಯ ತೆಗೆದುಕೊಳ್ಳಬೇಕು.